ಯಮರಾಜನ ಜೊತೆ ರಾಜಿ

ವಕೀಲನಿಗೇ ನೋಟಿಸ್ ಇಲ್ಲದೆ ಶಿಕ್ಷೆಯಾದರೆ ಹೇಗಿರುತ್ತೆ? ನನಗೆ ಆಯಿತು. ಕಳೆದ ಗುರುವಾರ ಸಂಜೆ ಕೋರ್ಟ್ ಮುಗಿಸಿ ಪಾರ್ವತಿನಗರದ ಮನೆಗೆ ಬಂದು, ಕರಿ ಕೋಟು ಬಿಚ್ಚಿ, ಚಹಾ ಹಿಡಿದು ಫೋನಿನಲ್ಲಿ ಗೇಮ್ ತೆರೆದೆ. ಸ್ಕ್ರೀನ್ ತುಂಬ ದಪ್ಪ ಅಕ್ಷರ. ಚೀಟಿಂಗ್ ಮಾಡಿದ್ದಕ್ಕಾಗಿ ನಿಮ್ಮ ಅಕೌಂಟ್ ಹತ್ತು ವರ್ಷ ಬ್ಯಾನ್!

ಹತ್ತು ವರ್ಷ! ಮಚ್ಚು ಬೀಸಿ ಬಂದ ನನ್ನ ಕಕ್ಷಿದಾರರಿಗೂ ಇಷ್ಟು ಆಗಿಲ್ಲ.

(ಹೌದು, ನಲವತ್ತೆಂಟನೇ ವಯಸ್ಸಿನಲ್ಲಿ ನಾನು ಫೋನಿನಲ್ಲಿ ಬಂದೂಕಿನ ಆಟ ಆಡುತ್ತೇನೆ. ನಗುವವರು ಈಗಲೇ ನಕ್ಕುಬಿಡಿ.)

ಈ ಚಟ ಹಿಡಿಸಿದವನು ನನ್ನ ಭಾಮೈದ ರಘು. ಕುರುಗೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು, ಅವನ ಇಬ್ಬರು ಗೆಳೆಯರು, ನಾನು, ಹೀಗೆ ನಾಲ್ವರ ಟೀಮು. ಸುತ್ತಮುತ್ತಲ ಊರಿನವರೆಲ್ಲ ಸೇರಿ ನಡೆಸುವ ಆನ್‌ಲೈನ್ ಟೂರ್ನಮೆಂಟಿನಲ್ಲಿ ಈ ಸಲ ನಾವು ಸೆಮಿಫೈನಲ್ ಮುಟ್ಟಿದ್ದೆವು. ಭಾನುವಾರ ಮ್ಯಾಚು, ಗುರುವಾರ ಬ್ಯಾನು. ಸಾಲದ್ದಕ್ಕೆ ಟೂರ್ನಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಆಗಲೇ ಬರೆದಿದ್ದರು: ‘ಲಾಯರ್ ಸಾಹೇಬ್ರು ಚೀಟರ್ ಅಂತ!’ ಮ್ಯಾಚು ಹೋದರೆ ಹೋಗಲಿ, ಹೆಸರು ಹೋದರೆ? ನಾಳೆ ವಕೀಲರ ಬಾರ್ ರೂಮಿನಲ್ಲಿ ತಲೆ ಎತ್ತಿ ಕೂರುವುದು ಹೇಗೆ?

ನನ್ನ ಹೆಂಡತಿ ಪದ್ಮಾ ಕೈಯಲ್ಲಿದ್ದ ಸೌಟು ಬಿಟ್ಟು ಓಡಿಬಂದಳು. "ಪೊಲೀಸ್ರು ಮನಿಗೆ ಬರ್ತಾರೇನ್ರಿ?"

"ಇದು ಆಟ ಮಾರಾಯ್ತಿ, ಕ್ರಿಮಿನಲ್ ಕೇಸಲ್ಲ."

"ಹಂಗಾದ್ರ ಕಂಪ್ಲೇಂಟ್ ಕೊಟ್ಟೋರು ಯಾರು?"

ಒಳ್ಳೆಯ ಪ್ರಶ್ನೆ. ರಘುಗೆ ಫೋನ್ ಹಚ್ಚಿದೆ. ಅವನ ಹತ್ತಿರ ಉತ್ತರ ರೆಡಿ ಇತ್ತು.

"ಭಾವ, ಸೋತೋರು ಹತ್ತು ಮಂದಿ ಕೂಡಿ ರಿಪೋರ್ಟ್ ಒತ್ತಿದ್ರ ಮುಗೀತು, ಬ್ಯಾನ್. ನೀವು ಇತ್ತಿತ್ಲಾಗ ಭಾಳ ಚಲೋ ಆಡಾಕತ್ತೀರಿ. ಮಂದಿಗೆ ಹೊಟ್ಟಿಕಿಚ್ಚು."

ಈ ವಾದ ನನಗೆ ತುಂಬ ಹಿಡಿಸಿತು. ಯಾಕೆ ಹಿಡಿಸುವುದಿಲ್ಲ ಹೇಳಿ? ಮೊದಲೆಲ್ಲ ಪ್ರತಿ ಮ್ಯಾಚಿನಲ್ಲೂ ಮೊದಲು ಸಾಯುತ್ತಿದ್ದವನು ನಾನು. ಎರಡು ವಾರದಿಂದ ಮಾತ್ರ ಹುಲಿ. ನಾವು ಕ್ವಾರ್ಟರ್ ಫೈನಲ್‌ನಲ್ಲಿ ಸೋಲಿಸಿದ್ದು ಸಿರುಗುಪ್ಪದ ಟೀಮನ್ನು. ಅದರ ಕ್ಯಾಪ್ಟನ್ನಿಗೆ ಆಟದಲ್ಲಿಟ್ಟುಕೊಂಡ ಹೆಸರು ‘ಯಮರಾಜ’. ನಾವು ಹೊರಗಾದರೆ ಒಳಗೆ ಬರುವುದು ಅವರೇ. ಲಾಭ ಯಾರಿಗೋ ಕೈವಾಡ ಅವರದೇ. ಕೇಸು ಬಗೆಹರಿಯಿತು!

ಬಳ್ಳಾರಿ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಸವೆಸಿದವನು ನಾನು. ಗಂಡ-ಹೆಂಡತಿ, ಅಣ್ಣ-ತಮ್ಮ, ಬದುವಿನ ಜಗಳ, ಎಷ್ಟು ರಾಜಿ ಮಾಡಿಸಿದ್ದೇನೋ ಲೆಕ್ಕವಿಲ್ಲ. ಕಂಪ್ಲೇಂಟ್ ಕೊಟ್ಟವನನ್ನು ಕೂರಿಸಿ, ಚಹಾ ಕುಡಿಸಿ, ಹಿಂದಕ್ಕೆ ತೆಗೆಸಿದರೆ ಕೇಸು ಮುಗಿಯಿತು. ಇದಕ್ಕೂ ಅದೇ ಮದ್ದು ಅಂದುಕೊಂಡೆ. ಮರುದಿನವೇ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿದೆ: ‘ಉಭಯ ಪಕ್ಷದವರೂ ಹಿರಿಯರ ಸಮಕ್ಷಮ ರಾಜಿಯಾಗಿದ್ದು, ಸದರಿ ರಿಪೋರ್ಟನ್ನು ಹಿಂಪಡೆಯಲು ಯಾವುದೇ ತಕರಾರು ಇರುವುದಿಲ್ಲ.’ ಕೆಳಗೆ ಸಾಕ್ಷಿ: ರಘು.

ಯಮರಾಜನಿಗೆ ಮೆಸೇಜ್ ಹಾಕಿದೆ. ‘ಬಸ್ ಸ್ಟ್ಯಾಂಡ್ ಹಿಂದಿನ ಲೇಡೀಸ್ ಟೇಲರ್ ಅಂಗಡಿಗೆ ಬರ್ರಿ’ ಎಂಬ ಉತ್ತರ ಬಂತು. ಪದ್ಮಾ ಬರಿಗೈಲಿ ಹೋಗಬಾರದೆಂದು ಕರ್ಜಿಕಾಯಿ ಕಟ್ಟಿಕೊಟ್ಟಳು. ಶನಿವಾರ ಬೆಳಿಗ್ಗೆ ಕುರುಗೋಡಿಗೆ ಹೋದೆ. ರಘು ಬರಲು ಒಲ್ಲೆ ಅಂದ. "ನಾನ್ಯಾಕ ಭಾವ? ಅಂಗಡ್ಯಾಗ ಗಿರಾಕಿ ಅದಾರ." ಸಾಕ್ಷಿ ಇಲ್ಲದೆ ರಾಜಿ ಆಗುತ್ತಾ? ಶಟರ್ ಎಳೆಸಿ, ಬೈಕಿನ ಹಿಂದೆ ಹತ್ತಿಸಿಕೊಂಡು ಸಿರುಗುಪ್ಪದ ದಾರಿ ಹಿಡಿದೆ.

ಅಂಗಡಿಯಲ್ಲಿ ಹೊಲಿಗೆ ಮಷಿನ್ ಮುಂದೆ ಒಬ್ಬ ಹೆಣ್ಣುಮಗಳು ರವಿಕೆಗೆ ತೋಳು ಕೂಡಿಸುತ್ತಿದ್ದರು.

"ಯಮರಾಜ ಅವ್ರು ಅದಾರೇನಮ್ಮ?"

"ನಾನೇ ಸರ್. ಮುಮ್ತಾಜ್ ಅಂತ. ಬರ್ರಿ, ಕೂಡ್ರಿ."

ಕರ್ಜಿಕಾಯಿ ಮುಂದಿಟ್ಟು, ಕಾಗದ ಚಾಚಿ, ನನ್ನ ವಾದ ಮಂಡಿಸಿದೆ. ಆಕೆ ಕಾಗದವನ್ನು ಪೂರ್ತಿ ಓದಿದರು. ನಗು ತಡೆದುಕೊಂಡದ್ದು ನನಗೆ ಕಂಡಿತು.

"ನಾವು ರಿಪೋರ್ಟೇ ಮಾಡಿಲ್ಲ ಸರ್. ಸೋತಿದ್ವಿ, ಬ್ಯಾಸರ ಆಗಿತ್ತು, ಫೋನ್ ಬಂದ್ ಮಾಡಿ ಮಲಗಿದ್ವಿ. ಮತ್ತ ನೂರು ಮಂದಿ ಒತ್ತಿದ್ರೂ ಅಷ್ಟಕ್ಕ ಬ್ಯಾನ್ ಆಗಂಗಿಲ್ಲ. ಕಂಪನಿಯವ್ರು ನೋಡ್ತಾರ, ತಪ್ಪು ಸಿಕ್ರ ತೆಗೀತಾರ. ಫೋನ್‌ನ್ಯಾಗ ಕಳ್ಳ ಆಪ್ ಇದ್ರ ಒಬ್ರೂ ಹೇಳೋದು ಬ್ಯಾಡ, ಆಟಾನೇ ಗುರ್ತು ಹಿಡಿತೈತಿ. ಎಲ್ಲಿ, ನಿಮ್ಮ ಫೋನ್ ಕೊಡ್ರಿ."

ಕೊಟ್ಟೆ. ನನಗೇನು ಭಯ? ಆಕೆ ಎರಡು ಸಲ ಬೆರಳಾಡಿಸಿ ಒಂದು ಆಪ್ ತೋರಿಸಿದರು. ಫೋನ್ ಸ್ಪೀಡ್ ಆಗಲಿ ಅಂತ ರಘು ಹಾಕಿಕೊಟ್ಟದ್ದು.

"ಇದು ಸ್ಪೀಡ್ ಆಪ್ ಅಲ್ರಿ. ಗೋಡಿ ಹಿಂದ ಅಡಗಿದೋರ ಸುತ್ತ ಕೆಂಪು ಗೆರಿ ಕಾಣ್ತಿತ್ತಿಲ್ಲೋ?"

"ಕಾಣ್ತಿತ್ತು. ಹೊಸ ಸೌಲಭ್ಯ ಬಿಟ್ಟಾರ ಅನ್ಕೊಂಡಿದ್ದೆ."

"ಹಂಗಾದ್ರ ನಮಗ್ಯಾಕ ಕಾಣ್ಲಿಲ್ಲ ಸರ್?"

ರಘು ಬಾಗಿಲ ಕಡೆ ಸರಿಯುತ್ತಿದ್ದ. "ಲೇ!" ಅಂದೆ. ಅಲ್ಲೇ ನಿಂತ. "ನೀವು ಪ್ರತಿ ಸಲ ಮೊದ್ಲ ಸಾಯ್ತಿದ್ರಿ ಭಾವ. ಟೀಮ್ ಮುಂದ ಹೋಗಬೇಕಲ್ಲ. ಹಂಗಂತ ಮಾರಿ ಮ್ಯಾಲ ಹೆಂಗ ಹೇಳೋದು?" ಅಂದ.

ಅವನಿಗೆ ಮನಸಾರೆ ಬೈದೆ. ಆದರೆ ಓದುಗರೇ, ನಿಮ್ಮ ಹತ್ತಿರ ಮುಚ್ಚಿಡುವುದೇನು? ಕೆಂಪು ಗೆರೆ ಕಂಡ ಮೊದಲ ದಿನವೇ ನನಗೂ ಅನುಮಾನ ಬಂದಿತ್ತು. ಯಾರನ್ನೂ ಕೇಳಲಿಲ್ಲ. ಗೆಲ್ಲುತ್ತಿದ್ದೆನಲ್ಲ, ಕೇಳಿ ಯಾಕೆ ಕೆಡಿಸಿಕೊಳ್ಳಬೇಕು? ಆ ಹೆಣ್ಣುಮಗಳ ಮುಂದೆ ಕೂತು ನನಗೆ ನಿಜವಾಗಿ ನಾಚಿಕೆಯಾಯಿತು. ಅವರು ನ್ಯಾಯವಾಗಿ ಆಡಿ ಸೋತಿದ್ದರು, ನಾನು ಅವರಿಂದಲೇ ಸಹಿ ಹಾಕಿಸಿಕೊಳ್ಳಲು ಬಂದಿದ್ದೆ.

ಅದೇ ಛಾಪಾ ಕಾಗದದ ಹಿಂದೆ ಪೆನ್ನಿನಲ್ಲಿ ಬರೆದೆ: ನನ್ನ ಫೋನಿನಲ್ಲಿ ಕಳ್ಳ ಆಪ್ ಇತ್ತು, ಕ್ವಾರ್ಟರ್ ಫೈನಲ್ ಇವರದು, ಸೆಮಿಫೈನಲ್ ಇವರೇ ಆಡಲಿ. ಸಹಿ ಮಾಡಿ, ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಮುಮ್ತಾಜ್ ಚಹಾ ತರಿಸಿದರು. ಕರ್ಜಿಕಾಯಿ ಚೆನ್ನಾಗಿದೆ ಅಂದರು. ರಘುಗೂ ಒಂದು ಕೊಟ್ಟರು, ದೊಡ್ಡ ಮನಸ್ಸು.

ಮನೆಗೆ ಬಂದಾಗ ಪದ್ಮಾ ಬಾಗಿಲಲ್ಲೇ ಕಾದಿದ್ದಳು. "ಕಂಪ್ಲೇಂಟ್ ಹಿಂದ ತಗೊಂಡ್ರಾ?"

"ಕೊಟ್ಟೇ ಇರ್ಲಿಲ್ಲ."

"ಅಯ್ಯ! ಹಂಗಾದ್ರ ಇನ್ಯಾರು ಕೊಟ್ಟಿರಬೇಕು?"

ಅವಳನ್ನು ಅಂದು ಏನು ಪ್ರಯೋಜನ? ನನ್ನ ಆಫೀಸಿಗೆ ಬರುವ ಕಕ್ಷಿದಾರರೆಲ್ಲ ಕೇಳುವುದು ಇದನ್ನೇ. ನಾನೂ ಇದನ್ನೇ ಕೇಳಿಕೊಂಡು ಸಿರುಗುಪ್ಪದ ತನಕ ಹೋಗಿಬಂದೆ. ಏನು ಮಾಡಿದೆ ಅಂತ ನಮ್ಮಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ, ಯಾರು ದೂರು ಕೊಟ್ಟರು ಅಂತಲೇ ಹುಡುಕುತ್ತೇವೆ.

ಈಗ ಹೇಳಿ, ಕಂಪ್ಲೇಂಟ್ ಕೊಟ್ಟವರೇ ಇಲ್ಲ ಅಂದಮೇಲೆ ರಾಜಿ ಮಾಡಿಕೊಳ್ಳುವುದಾದರೂ ಯಾರ ಜೊತೆ?