ಮನೆದೇವರ ಹೆಸರಿನ ಪಾಸ್‌ವರ್ಡ್

ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿನ ಕೌಂಟರಿನಲ್ಲಿ ಕೂರುತ್ತಿದ್ದ ದ್ರಾಕ್ಷಾಯಿಣಿಗೆ ಗಂಡನ ಮೇಲೆ ಯಾವ ಹೆಂಗಸಿನ ಕಾರಣಕ್ಕೂ ಸಂಶಯ ಬಂದಿರಲಿಲ್ಲ. ದುರುಗೇಶ ಅಂಥ ಆಸಾಮಿಯಲ್ಲ. ಅವಳ ಹೊಟ್ಟೆಕಿಚ್ಚೆಲ್ಲ ಮೂಲೆಯ ಒಂದು ಕಂಪ್ಯೂಟರಿನ ಮೇಲೆ.

ಅದು ಎರಡು ಸಾವಿರದ ಏಳನೆಯ ಇಸವಿ. ಇಂಟರ್ನೆಟ್ಟಿನಲ್ಲಿ ಖಾಸಗಿ ಡೈರಿ ಬರೆಯುವ ತಾಣವೊಂದು ಊರಿನ ಅರ್ಧ ಮಂದಿಗೆ ಹುಚ್ಚು ಹಿಡಿಸಿತ್ತು. ಅದರ ಕಾಯಿದೆಗಳು ಇಂಗ್ಲಿಷಿನಲ್ಲಿ ಮಾರುದ್ದ ಇದ್ದವು. ಓದದೆ ಒಪ್ಪಿಗೆ ಒತ್ತುವವರನ್ನು ಕಂಡರೆ ದ್ರಾಕ್ಷಾಯಿಣಿಗೆ ಆಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ತಾನೇ ಬಾಯಿಪಾಠ ಒಪ್ಪಿಸುತ್ತಿದ್ದಳು.

“ಇದು ನಿಮ್ಮೊಬ್ಬರ ಡೈರಿ. ಬರದಿದ್ದಕ್ಕ ನೀವ ಜವಾಬ್ದಾರ್ರು. ಪಾಸ್‌ವರ್ಡ್ ಕಾಯೂದು ನಿಮ್ಮ ಕೆಲಸ. ಇನ್ನೊಬ್ಬರ ಡೈರಿ ತಗದು ನೋಡೂದು ತಪ್ಪು, ಗೊತ್ತಾದ್ರ ಹೊರಗ ಹಾಕ್ತಾರ. ಮ್ಯಾಲ ನೋಡ್ರಿ, ಹಿಂದ ಯಾವಾಗ ತಗದಿದ್ರಿ ಅನ್ನೂದು ತೋರಸ್ತೈತಿ.”

ಇಷ್ಟು ಹೇಳಿ ಪಾಸ್‌ವರ್ಡನ್ನೂ ಅವಳೇ ಇಟ್ಟುಕೊಡುತ್ತಿದ್ದಳು. ಜನ ಮರೆತು ಬಂದು ತಲೆ ತಿನ್ನುತ್ತಿದ್ದರಲ್ಲ, ಅದಕ್ಕೆ ಅವಳದೊಂದು ಉಪಾಯ: ಅವರವರ ಮನೆದೇವರ ಹೆಸರು. ಅದನ್ನು ಯಾರೂ ಮರೆಯುವುದಿಲ್ಲ. ಮನೆಯವರಿಗೆಲ್ಲ ದೇವರು ಒಬ್ಬನೇ ಎಂಬುದು ಮಾತ್ರ ಇವಳಿಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ದುರುಗೇಶ ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಗುಮಾಸ್ತ. ಸಂಜೆ ಹೆಂಡತಿಯನ್ನು ಕರೆದೊಯ್ಯಲು ಬಂದವನು ಆ ಮೂಲೆಗೆ ಕೂತರೆ ಏಳುತ್ತಿರಲಿಲ್ಲ. ಮನೆಯಲ್ಲಿ ಏನು ಕೇಳಿದರೂ “ಹೂಂ” ಎನ್ನುವ ಮನುಷ್ಯ ಅಲ್ಲಿ ಟಕಟಕ ಕುಟ್ಟುತ್ತಿದ್ದ, ತನ್ನಷ್ಟಕ್ಕೆ ನಗುತ್ತಿದ್ದ. ತನಗೆ ಬರಬೇಕಾದ ಮಾತನ್ನೆಲ್ಲ ಆ ಡಬ್ಬಿ ತಿನ್ನುತ್ತಿದೆ ಎಂದು ದ್ರಾಕ್ಷಾಯಿಣಿಗೆ ಹೊಟ್ಟೆ ಉರಿಯುತ್ತಿತ್ತು. ಅದೇ ಯೋಚನೆಯಲ್ಲಿ ರೊಟ್ಟಿ ಕರಕಾದರೆ, ಅವನು ಅದಕ್ಕೂ “ಹೂಂ” ಎಂದು ತಿನ್ನುತ್ತಿದ್ದ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಮೊದಲೇ ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ತಮ್ಮ ಮನೆದೇವರಾದ ದೇವರಗುಡ್ಡದ ಮಾಲತೇಶನ ಹೆಸರು ಒತ್ತಿಯೇಬಿಟ್ಟಳು. ಗಂಡನ ಡೈರಿ ತೆರೆಯಿತು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮಾರ್ಕೆಟ್ಟಿನ ಘಾಟು, ಹಮಾಲ ನಬಿಸಾಬನ ಕೆಮ್ಮು, ಕಾಗಿನೆಲೆ ಬಸ್ಸಿನಲ್ಲಿ ಜಗಳ ತೆಗೆದ ಮುದುಕಿ. ಮನೆ ಮಾಲಕಿ ಮರಿಯವ್ವನ ಆಡಿಗೇ ಎರಡು ಪುಟ. ದ್ರಾಕ್ಷಾಯಿಣಿಗೆ ಒಂದು ಸಾಲೂ ಇಲ್ಲ. ಹೆಸರು ಹೋಗಲಿ, ಹೆಂಡತಿ ಎಂಬ ಶಬ್ದವೂ ಇಲ್ಲ. ಆಡಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ಅವಳಿಗೆ ಅಳುವೇ ಬಂತು.

ಸಂಜೆ ದುರುಗೇಶ ಡೈರಿ ತೆಗೆದು, ಹಿಂದೆ ತೆಗೆದ ಹೊತ್ತು ತೋರಿಸುವ ಮೇಲಿನ ಸಾಲು ನೋಡಿ, ಅವಳ ಕಡೆ ತಿರುಗಿದ. ಊರಿಗೆಲ್ಲ ತೋರಿಸಿಕೊಟ್ಟ ಆ ಸಾಲು ಅವಳಿಗೇ ಮರೆತುಹೋಗಿತ್ತು.

“ಮಧ್ಯಾಹ್ನ ತಗದಿದ್ದೇನು?”

“ಹೂಂ,” ಎಂದಳು, ಅವನ ಹಾಗೆಯೇ. ಆಮೇಲೆ ತಡೆಯಲಾಗಲಿಲ್ಲ. “ಆಡಿನ ಬಗ್ಗೆ ಅಷ್ಟು ಬರದೀರಿ. ನನ್ನ ಬಗ್ಗೆ ಯಾಕ ಬರದಿಲ್ರಿ?”

“ಪಾಸ್‌ವರ್ಡ್ ಇಟ್ಟಾಕಿ ನೀನ. ಒಂದಿನ ಓದ್ತಿ ಅಂತ ಗೊತ್ತಿತ್ತು,” ಎಂದ ದುರುಗೇಶ. “ನಿನ್ನ ಮುಂದ ಆಡಾಕ ಬಾಯಿ ಬರದ ಮಾತು, ನೀ ಓದೂವಲ್ಲಿ ಹೆಂಗ ಬರೀಲಿ?”

ಮದುವೆಯಾದ ಮೇಲೆ ಅವನಾಡಿದ ಅತಿ ಉದ್ದದ ಮಾತು ಅದು. ಅಲ್ಲೇ ಕೂತು ಪಾಸ್‌ವರ್ಡ್ ಬದಲಿಸಿದ. ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಳು. ಕಾಯಿದೆ ಎಂದರೆ ಕಾಯಿದೆ.

ಆಮೇಲೆ ಅವಳು ಯಾರಿಗೂ ಮನೆದೇವರ ಹೆಸರು ಇಟ್ಟುಕೊಡಲಿಲ್ಲ. “ನೀವ ಇಟ್ಕೋರಿ, ನಾ ನೋಡಂಗಿಲ್ಲ,” ಎನ್ನುತ್ತಿದ್ದಳು. ದುರುಗೇಶ ಅದೇ ಮೂಲೆಯಲ್ಲಿ ಬರೆಯುತ್ತ, ನಡುವೆ ತಲೆಯೆತ್ತಿ ಅವಳನ್ನೊಮ್ಮೆ ನೋಡಿ, ನಕ್ಕು, ಮತ್ತೆ ಕುಟ್ಟುತ್ತಿದ್ದ. ಈಗ ಅಲ್ಲಿ ತಾನಿದ್ದೇನೆ ಎಂಬುದು ಅವಳಿಗೆ ಖಾತ್ರಿ. ಅವನ ಬಾಯಿಂದ ಹೊರಡದ ಮಾತೆಲ್ಲ ಆ ಡೈರಿಯೊಳಗಿನ ದ್ರಾಕ್ಷಾಯಿಣಿಗೆ ಸಿಗುತ್ತಿತ್ತು, ಕೌಂಟರಿನಲ್ಲಿ ಕೂತವಳಿಗೆ ಬರೀ “ಹೂಂ”. ಆ ಡೈರಿಯೊಳಗಿನವಳನ್ನು ನೆನೆದರೆ ಸಾಕು, ಇವಳಿಗೆ ಮೈ ಉರಿಯುತ್ತಿತ್ತು.