ಆರು ವಾರ ಗಾಜಿಗೆ ಅಂಟಿಕೊಂಡಿದ್ದ ಕಣ್ಣು

ನನ್ನ ಕಾರಿನ ಎಡಬಾಗಿಲಿಗೆ ಒಂದು ತಗ್ಗು ಬಿದ್ದಿತ್ತು. ಅದನ್ನು ಯಾರು ಮಾಡಿದರು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಭತ್ತದ ಹುಲ್ಲು ಹೇರಿಕೊಂಡು ಬಂದ ಟ್ರ್ಯಾಕ್ಟರು ಎಂಬುದು ಒಂದು ಪಕ್ಷ. ಅದರಲ್ಲಿ ನಾನೊಬ್ಬನೇ ಸದಸ್ಯ. ನಾನೇ ಎಂಬುದು ಇನ್ನೊಂದು. ಅದಕ್ಕೆ ನನ್ನ ಮಗಳು ಅಧ್ಯಕ್ಷೆ. ನನ್ನ ಹೆಂಡತಿ ಯಾವ ಪಕ್ಷಕ್ಕೂ ಸೇರದೆ, ತಗ್ಗಿನ ಮೇಲೆ ಒಂದು ಬಸವಣ್ಣನ ಸ್ಟಿಕರು ಹಚ್ಚಿಸಿ ತಟಸ್ಥಳಾಗಿದ್ದಳು.

ನಾವಿರುವುದು ಕುಷ್ಟಗಿಯಲ್ಲಿ. ಮಗಳು ಗಂಗಾವತಿಯಲ್ಲಿ. ಅಲ್ಲಿ ಅಳಿಯಂದಿರು ಕಾರಿನ ಸೀಟಿನ ಹೊದಿಕೆ, ಹಾರ್ನು, ಕಾಲಡಿಯ ಮ್ಯಾಟು ಮಾರುವ ಅಂಗಡಿ ಇಟ್ಟಿದ್ದಾರೆ. ದೀಪಾವಳಿಗೆ ಬಂದಾಗ ಮಗಳು ಬಾಗಿಲ ಮೇಲಿನ ಸ್ಟಿಕರನ್ನು ಉಗುರಿನಿಂದ ಎಬ್ಬಿಸಿ ನೋಡಿ, ಒಳಗೆ ಬಂದು ಆಜ್ಞೆ ಹೊರಡಿಸಿದಳು.

"ಅಪ್ಪಾ, ನಿನಗ ಎಪ್ಪತ್ತಾತು. ಗಾಡಿ ಕೀಲಿ ಕೊಟ್ಟುಬಿಡು."

"ನಿಮ್ಮವ್ವನ್ನ ಕೊಪ್ಪಳಕ್ಕ ಯಾರು ಒಯ್ಯವರು?"

"ಡ್ರೈವರ್ ಇಡೂಣು."

"ಮೂವತ್ತು ವರ್ಷ ಮಂದಿ ಹೊಲ ಅಳದೀನಿ. ಒಂದು ಬಾಂದಗಲ್ಲು ಗೇಣು ಆಕಡಿ ಈಕಡಿ ಆಗಿಲ್ಲ. ನನಗ ರಸ್ತೆ ಕಾಣಂಗಿಲ್ಲ ಅಂತೀಯೇನ?"

ನಾನು ಸರ್ವೇ ಇಲಾಖೆಯಲ್ಲಿ ಮೋಜಣಿ ಮಾಡುತ್ತಿದ್ದವನು. ದೂರದಲ್ಲಿ ನೆಟ್ಟ ಕೋಲನ್ನು ಒಂದು ಕಣ್ಣು ಮುಚ್ಚಿ ನೋಡಿ, ಅಣ್ಣತಮ್ಮಂದಿರ ಜಗಳವನ್ನು ಸರಳರೇಖೆಯಲ್ಲಿ ಮುಗಿಸುವುದು ನನ್ನ ವೃತ್ತಿಯಾಗಿತ್ತು. ನಿವೃತ್ತಿಯ ನಂತರ ನನಗೆ ಉಳಿದಿದ್ದ ಅಧಿಕೃತ ಕೆಲಸ ಒಂದೇ. ಹೆಂಡತಿಯ ಮೂತ್ರಪಿಂಡಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ಬುಧವಾರ ಮತ್ತು ಶನಿವಾರ ಅವಳನ್ನು ಕೊಪ್ಪಳಕ್ಕೆ ಒಯ್ದು, ಡಯಾಲಿಸಿಸ್ ಯಂತ್ರದ ಮುಂದೆ ಮಲಗಿಸಿ, ನಾಲ್ಕು ತಾಸು ಹೊರಗಿನ ಬೆಂಚಿನ ಮೇಲೆ ಕೂತು, ತಿರುಗಿ ಕರೆತರುವುದು. ಅವಳ ಕಾಯಿಲೆಗೆ ನಾನು ಮಾಡಬಹುದಾದದ್ದು ಅದೊಂದೇ. ಕೀಲಿ ಕೊಟ್ಟರೆ ಅದೂ ಇಲ್ಲ.

ಅಳಿಯಂದಿರು ಸಂಧಾನಕ್ಕೆ ಬಂದರು. ವ್ಯಾಪಾರಸ್ಥರು, ಜಗಳದಲ್ಲೂ ಅವರಿಗೆ ಮಾರುವ ಒಂದು ಸಾಮಾನು ಕಾಣುತ್ತದೆ.

"ಮಾವಾರ, ಹೊಸಾ ನಮೂನಿ ಡ್ಯಾಶ್‌ಕ್ಯಾಮ್ ಬಂದೈತಿ. ಮುಂದಿನ ಗಾಜಿಗೆ ಅಂಟಿಸಿದ್ರ ರಸ್ತೇದಾಗ ಆಗೋದೆಲ್ಲಾ ಹಿಡೀತೈತಿ. ಆರು ವಾರ ನಿಮ್ಮ ಗಾಡೀಲೆ ಇರ್ಲಿ. ಹೆಂಗೈತಿ ಅಂತ ಒಂದು ವರದಿ ಬರದ್ ಕೊಡ್ರಿ, ಅಂಗಡಿ ವಾಟ್ಸಾಪಿಗೆ ಹಾಕ್ತೀನಿ. ನಿಮ್ಮ ಕನ್ನಡ ಭಾಳ ಖಡಕ್ ಐತಿ."

"ಟ್ರ್ಯಾಕ್ಟರ್ ತಪ್ಪಾದ್ರ ಟ್ರ್ಯಾಕ್ಟರಿಂದು ಕಾಣತೈತಿ," ಎಂದಳು ಮಗಳು. "ನಿಂದಾದ್ರ ನಿಂದು."

ಕರಾರು ಆಯಿತು. ಆರು ವಾರದಲ್ಲಿ ನನ್ನ ತಪ್ಪು ಒಂದೂ ಸಿಗದಿದ್ದರೆ ಕೀಲಿಯ ಮಾತು ಈ ಜನ್ಮದಲ್ಲಿ ಎತ್ತಬಾರದು. ಸಿಕ್ಕರೆ ಕೀಲಿ ಮಗಳ ಕೈಗೆ. ನಾನು ಆನಂದದಿಂದ ಒಪ್ಪಿದೆ. ನಿರ್ದೋಷಿಗಳು ಹಾಗೆಯೇ ಒಪ್ಪುತ್ತಾರೆ.

ಕ್ಯಾಮೆರಾ ಕೈಗೆ ಬರುವಷ್ಟರಲ್ಲಿ ಒಂದು ತಿಂಗಳಾಯಿತು. ಮೊದಲ ವಾರ ಒಂದು ಉದ್ದನೆಯ ರಿಜಿಸ್ಟರು ತಂದು, ಅಂಚು ಬಿಟ್ಟು ಗೆರೆ ಎಳೆದು, 'ಸ್ಥಳ ಪರಿಶೀಲನಾ ಟಿಪ್ಪಣಿ' ಎಂದು ಬರೆದೆ. ಕ್ಯಾಮೆರಾ ಒಂದು ಸುಣ್ಣದ ಡಬ್ಬಿಯಷ್ಟಿತ್ತು. ಅದರ ಕಣ್ಣು ಅಂಗಿಯ ಗುಂಡಿಯಷ್ಟು. ಒಳಗನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡು, ಗಾಡಿ ಚಾಲೂ ಮಾಡಿದ ಕೂಡಲೇ ಒಬ್ಬ ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು. "ಯಾರಕಿ?" ಎಂದು ನನ್ನ ಹೆಂಡತಿ ಮೊದಲ ದಿನ ಕೇಳಿದಳು. ಆಮೇಲೆ ಅದಕ್ಕೆ ದಿನಾ "ಹೂಂನವಾ" ಎಂದು ಉತ್ತರ ಕೊಡತೊಡಗಿದಳು.

ಗಾಡಿಗೆ ಜೋರಾಗಿ ಕುಲುಕಾಟವಾದರೆ ಯಂತ್ರ ಅದನ್ನು ಅಪಘಾತವೆಂದು ತಿಳಿದು, ಅಷ್ಟು ಚಿತ್ರವನ್ನು ಅಳಿಸಿಹೋಗದಂತೆ ಬೇರೆ ಕಟ್ಟಿಡುತ್ತದೆ. ಇದನ್ನು ಮಾಡಿದವರು ನಮ್ಮ ಕಡೆಯ ರಸ್ತೆ ಕಂಡಂತಿರಲಿಲ್ಲ. ಯಲಬುರ್ಗಾಕ್ಕೆ ಒಮ್ಮೆ ಹೋಗಿ ಬರುವುದರೊಳಗೆ ನಾನು ಎಷ್ಟು ಅಪಘಾತಗಳಿಗೆ ಗುರಿಯಾಗಿದ್ದೆನೆಂದರೆ, ಯುದ್ಧದಲ್ಲೂ ಒಬ್ಬನಿಗೆ ಅಷ್ಟು ಏಟು ಬೀಳಲಾರವು. ಪ್ರತಿ ತಗ್ಗಿಗೂ ಯಂತ್ರ ಕಿರ್ ಎನ್ನುತ್ತಿತ್ತು. 'ಉಪಕರಣವು ಸೂಕ್ಷ್ಮ ಮನಸ್ಸಿನದು' ಎಂದು ಬರೆದೆ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಮೊಬೈಲಿನಲ್ಲಿ ಆ ಚಿತ್ರಗಳನ್ನು ಹಾಕಿಕೊಂಡು ನೋಡುತ್ತಿದ್ದೆ. ತಪ್ಪು ಒಂದೂ ಕಾಣಲಿಲ್ಲ. ಸೀದಾ ರಸ್ತೆ, ಅದರ ಮೇಲೆ ಸೀದಾ ಹೋಗುವ ನಾನು. ಒಂದೇ ಕಿರಿಕಿರಿಯೆಂದರೆ ಧ್ವನಿ. ಕ್ಯಾಮೆರಾ ಗಾಡಿಯೊಳಗಿನ ಮಾತನ್ನೂ ಹಿಡಿಯುತ್ತಿತ್ತು, ಮತ್ತು ಮಾತಾಡುವವಳು ಒಬ್ಬಳೇ.

"ಹಂಪ್ ಬಂತ್ರೀ. ಎಮ್ಮಿ ಅದಾವ ಎಡಕ್ಕ. ಸೈಕಲ್ಲಿನಾಂವ ಒಬ್ಬಾಂವ ಹೊಂಟಾನ ನೋಡ್ರಿ, ಅಡ್ಡ ಬಂದಾನು. ಬಸ್ಸು ಬಂತು, ಬಸ್ಸು ಬಂತು, ಬಲಕ್ಕ ಬ್ಯಾಡ್ರೀ."

ಮದುವೆಯಾದಾಗಿನಿಂದ ಅವಳು ಮಾತಾಡುತ್ತಲೇ ಇದ್ದಾಳೆ; ವಿಷಯಕ್ಕಾಗಿ ಕಾಯುವವಳಲ್ಲ. ವರದಿಯಲ್ಲಿ ಹೀಗೆ ದಾಖಲಿಸಿದೆ: 'ಧ್ವನಿಮುದ್ರಣ ಸ್ಪಷ್ಟವಾಗಿದೆ. ಆದರೆ ಎಡಗಡೆಯ ಆಸನದಿಂದ ನಿರಂತರ ಅಡಚಣೆ ಇರುತ್ತದೆ. ಕೊಪ್ಪಳದಿಂದ ಹಿಂತಿರುಗುವಾಗ ಅಡಚಣೆ ಇರುವುದಿಲ್ಲ.' ತಿರುಗಿ ಬರುವಾಗ ಅವಳು ಹಿಂಡಿದ ಬಟ್ಟೆಯಂತಾಗಿ, ತಲೆ ಕಿಟಕಿಗೆ ಆನಿಸಿ ನಿದ್ದೆ ಹೋಗುತ್ತಿದ್ದಳು.

ಮೂರನೆಯ ವಾರದ ಒಂದು ಶನಿವಾರ ಹಾಗೆ ಬರುವಾಗ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದೆ. ಒಂದು ಊರಿನ ಮುಂದೆ ರಸ್ತೆಯ ತುಂಬ ಹುರುಳಿ ಹಾಕಿದ್ದರು. ಒಣಗಿದ ಗಿಡವನ್ನು ಹೀಗೆ ಡಾಂಬರಿನ ಮೇಲೆ ಹರವಿದರೆ ಹೋಗಿ ಬರುವ ಗಾಡಿಗಳ ಗಾಲಿಗಳೇ ಕಾಳು ಬಡಿದುಕೊಡುತ್ತವೆ. ಪಕ್ಕಕ್ಕೆ ಸರಿಯದೆ, ನಿಧಾನವಾಗಿ ಅದರ ಮೇಲೆಯೇ ಹಾಯ್ದು ಹೋಗುವುದು ಸಭ್ಯ ಚಾಲಕನ ಲಕ್ಷಣ. ನಾನು ಹಾಗೆಯೇ ಹಾಯ್ದೆ. ಹುರುಳಿಯಡಿ ಒಂದು ತಗ್ಗಿತ್ತು, ಯಂತ್ರ ಕಿರ್ ಎಂದಿತು. ಬದಿಯಲ್ಲಿದ್ದ ಒಬ್ಬ ಮುದುಕಿ ಎರಡೂ ಕೈ ಮೇಲೆತ್ತಿ ನನಗೆ ನಮಸ್ಕಾರ ಮಾಡಿದಳು. ನಾನೂ ಒಂದು ಕೈ ಎತ್ತಿ "ನಮಸ್ಕಾರ್ರೀ ಯವ್ವಾ" ಎಂದೆ. ಮನೆಗೆ ಬಂದವನೇ, ಚಿತ್ರ ನೋಡುವ ಗೋಜಿಗೂ ಹೋಗದೆ ಬರೆದೆ: 'ಗ್ರಾಮೀಣ ಜನರ ಸೌಜನ್ಯವನ್ನೂ ಉಪಕರಣವು ಸೆರೆಹಿಡಿದಿರುತ್ತದೆ.'

ನಾಲ್ಕನೆಯ ವಾರದ ಕೊನೆಗೆ ಎಳ್ಳಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಗೆ ಗಾಡಿಗೆ ಪೂಜೆಯಾಗದೆ ಗಾಲಿ ತಿರುಗುವುದಿಲ್ಲ. ಅಂದು ಯಲಬುರ್ಗಾ ಹತ್ತಿರದ ಅವಳ ತವರಿನ ಹೊಲಕ್ಕೆ ಚರಗ ಚೆಲ್ಲಲು, ಎಂದರೆ ಭೂತಾಯಿಗೆ ಎಡೆ ಚೆಲ್ಲಿ ಅಲ್ಲೇ ಉಣ್ಣಲು, ಹೋಗುವವರಿದ್ದೆವು. ಹೊರಡುವ ಮೊದಲು ಅವಳು ಬಾನೆಟ್ಟಿಗೆ, ಸ್ಟೇರಿಂಗಿಗೆ ವಿಭೂತಿ ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣು ಇಟ್ಟಳು. ಆಮೇಲೆ ಆ ವರ್ಷ ಮನೆಗೆ ಹೊಸದಾಗಿ ಬಂದದ್ದು ಯಾವುದು ಎಂದು ಸುತ್ತ ನೋಡಿ, ಕ್ಯಾಮೆರಾದತ್ತ ಕೈ ಚಾಚಿದಳು. ನಾನು ತೆಂಗಿನಕಾಯಿ ಒಡೆಯಲು ಕಲ್ಲು ಹುಡುಕುತ್ತಿದ್ದೆ.

ಹೊಲದಲ್ಲಿ ಅವಳು ಎರಡು ತುತ್ತು ಸಜ್ಜೆರೊಟ್ಟಿ ತಿಂದಳು. ನೀರು ಅಳೆದು ಕುಡಿಯಬೇಕು, ಉಪ್ಪು ಕೂಡದು, ಕಾಳುಪಲ್ಯ ಕೂಡದು. ಎಲ್ಲರೂ ಉಂಡದ್ದನ್ನು ನೋಡಿ, "ಛಲೋ ಆಗೈತೇನ?" ಎಂದು ಒಬ್ಬೊಬ್ಬರನ್ನೇ ಕೇಳಿದಳು. ಅದೇ ಅವಳ ಊಟ.

ಐದನೆಯ ವಾರ, ಆರನೆಯ ವಾರ ಎಂದಿನಂತೆ ಓಡಾಡಿದೆವು. ಎಂದಿನಂತೆ ಚಿತ್ರ ನೋಡಿದೆ. ಕೊನೆಯ ಟಿಪ್ಪಣಿ ಬರೆದೆ: 'ಧೂಳು, ಬಿಸಿಲು, ಕುಲುಕಾಟಗಳ ನಡುವೆಯೂ ಚಿತ್ರದ ಸ್ಪಷ್ಟತೆಯಲ್ಲಿ ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಂಡುಬಂದಿರುವುದಿಲ್ಲ.' ಸಹಿ ಹಾಕಿ, ತಾವರಗೇರಾ ಮೇಲಿಂದ ಗಂಗಾವತಿಗೆ ಹೊರಟೆ. ಹೆಂಡತಿ ಪಕ್ಕದಲ್ಲಿ ದಾರಿಯುದ್ದಕ್ಕೂ ಅಡಚಣೆ ಮಾಡುತ್ತಲೇ ಇದ್ದಳು. ಗೆದ್ದವನ ಉದಾರತೆಯಿಂದ ಸಹಿಸಿಕೊಂಡೆ.

ಅಂಗಡಿಯಲ್ಲಿ ಅಳಿಯಂದಿರು ಕ್ಯಾಮೆರಾದ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದರು. ಮಗಳು ಅವರ ಹಿಂದೆ ನಿಂತಳು. ಹೆಂಡತಿ ಸೀಟಿನ ಹೊದಿಕೆಗಳ ಗಂಟಿನ ಮೇಲೆ ಕೂತಳು. ಅಳಿಯಂದಿರು ಕೊನೆಯ ವಾರದ ಒಂದು ಚಿತ್ರ ಹಚ್ಚಿ, ಸ್ವಲ್ಪ ಹೊತ್ತು ಪರದೆ ನೋಡಿ, ನನ್ನ ಮುಖ ನೋಡಿದರು.

"ಮಾವಾರ, ಇದರಾಗ ಏನೇನ್ ಕಾಣತೈತ್ರಿ ನಿಮಗ?"

"ರಸ್ತೆ."

"ಮತ್ತ?"

"ಗಿಡ. ಬಸ್ಸು. ಇನ್ನೇನ್ ಕಾಣಬೇಕಿತ್ತು?"

"ಮಂಜು ಮುಸುಕಿದಂಗ ಕಾಣವಲ್ದೇನ್ರಿ?"

"ಮುಂಜಾನೆ ಮಂಜು ಇರತೈತಪಾ, ಪುಷ್ಯಮಾಸ."

"ಹನ್ನೆರಡು ಗಂಟಿದ್ರಿ ಇದು." ಅವರು ಗಾಡಿಗೆ ಹೋಗಿ ಕ್ಯಾಮೆರಾ ಬಿಚ್ಚಿ ತಂದರು. ಅದರ ಪುಟ್ಟ ಕಣ್ಣಿನ ಮೇಲೆ ಬೆರಳಿನಿಂದ ಎಳೆದ ವಿಭೂತಿ ಒಣಗಿ ಕೂತಿತ್ತು, ನಡುವೆ ಕುಂಕುಮ. ಮಗಳು ಮೊದಲು ನಕ್ಕಳು.

"ಯವ್ವಾ, ಕ್ಯಾಮೆರಾಕ್ಕ ಲಿಂಗದೀಕ್ಷಾ ಕೊಟ್ಟೀಯಲ್ಲ!"

"ಹೊಸಾದು, ದೃಷ್ಟಿ ಆಗಬಾರದು ಅಂತ ಹಚ್ಚೀನಿ," ಎಂದಳು ಹೆಂಡತಿ.

ಅಳಿಯಂದಿರು ನಗಲಿಲ್ಲ. ಮೊದಲ ವಾರದ ಚಿತ್ರವನ್ನೂ ಕೊನೆಯ ವಾರದ ಚಿತ್ರವನ್ನೂ ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. "ಫರಕ್ ಗೊತ್ತಾಗತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಹತ್ತಿರ ಹೋಗಿ ನೋಡಿದೆ. ಹಳೆಯ ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿ ನೋಡಿದೆ. ಎರಡೂ ಒಂದೇ ಆಗಿದ್ದವು. ನನ್ನ ಮಟ್ಟಿಗೆ ಜಗತ್ತಿಗೆ ಯಾವತ್ತೋ ವಿಭೂತಿ ಹಚ್ಚಿಯಾಗಿತ್ತು. ಯಾವತ್ತು ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ಮಗಳ ನಗು ಅಲ್ಲಿಗೇ ನಿಂತಿತು. ಅವಳೇ ಮುಂದೆ ಬಂದು, ಯಂತ್ರ ಅಪಘಾತವೆಂದು ಕಟ್ಟಿಟ್ಟಿದ್ದ ಚಿತ್ರಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ತಗ್ಗು, ತಗ್ಗು, ಹಂಪು, ತಗ್ಗು. ಆಮೇಲೆ ಹುರುಳಿ.

ಈ ಸಲ ಪರದೆ ದೊಡ್ಡದು, ಮೂಗು ತಾಗುವಷ್ಟು ಹತ್ತಿರ ನಿಂತಿದ್ದೆ. ಮುದುಕಿ ರಸ್ತೆಯ ಬದಿಯಲ್ಲಿ ಇರಲಿಲ್ಲ. ನಟ್ಟನಡುವೆ ಬೆನ್ನು ಬಾಗಿಸಿ, ಕೋಲಿನಿಂದ ಹುರುಳಿ ತಿರುವುತ್ತಿದ್ದಳು. ಗಾಡಿ ನಿಧಾನವಾಗಿ, ಸಭ್ಯವಾಗಿ, ಸೀದಾ ಅವಳ ಮೇಲೆ ಬರುತ್ತಿತ್ತು. ಅವಳು ತಲೆ ಎತ್ತಿದಳು. ಕೋಲು ಬಿಸಾಕಿ, ಎರಡೂ ಕೈ ಮೇಲೆತ್ತಿ, ಬಾಯಿ ಅಗಲ ಮಾಡಿ, ಬದಿಗೆ ಬಿದ್ದಂತೆ ಹಾರಿದಳು. ಆಗ ಗಾಡಿಯೊಳಗಿಂದ ಒಂದು ತೃಪ್ತ ದನಿ ಕೇಳಿಸಿತು: "ನಮಸ್ಕಾರ್ರೀ ಯವ್ವಾ."

ಮಗಳು ಇನ್ನೊಂದು ಚಿತ್ರ ಹಾಕಿದಳು, ಕೊಪ್ಪಳಕ್ಕೆ ಹೋಗುವಾಗಿನದು. ಹಂಪ್ ಬಂತ್ರೀ. ಗಾಡಿ ನಿಧಾನವಾಯಿತು. ಎಮ್ಮಿ ಅದಾವ ಎಡಕ್ಕ. ಗಾಡಿ ಬಲಕ್ಕೆ ಸರಿಯಿತು. ಇನ್ನೊಂದು ಹಾಕಿದಳು. ಎಲ್ಲದರಲ್ಲೂ ಮೊದಲು ಆ ದನಿ, ಆಮೇಲೆ ನನ್ನ ಬ್ರೇಕು.

"ಯವ್ವಾ," ಎಂದಳು ಮಗಳು, "ಯಾವಾಗಿಂದ ಹಿಂಗ ಹೇಳಾಕತ್ತೀ?"

"ಎರಡು ವರ್ಷ ಆಗಿರಬೇಕು."

"ನಮಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕೀಲಿ ಕಸಗೋತಿದ್ರಿ. ಆ ಮನಿಷಾಗ ಮತ್ತೇನ್ ಕೆಲಸ ಐತಿ?" ಸೀಟಿನ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತ ಅವಳು ಹೇಳಿದಳು, "ಹೋಗುವಾಗ ನಾ ಎಚ್ಚರ ಇರ್ತಿದ್ದೆ. ಬರುವಾಗ ನೋಡು, ಎಷ್ಟ್ ತಡದ್ರೂ ನಿದ್ದಿ ಹತ್ತಿಬಿಡತೈತಿ."

ನಾನು ಜೇಬಿನಿಂದ ಕೀಲಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಮಗಳು ಅದನ್ನು ಮುಟ್ಟಲಿಲ್ಲ. ಸಂಜೆ ನಮ್ಮನ್ನು ಕುಷ್ಟಗಿಗೆ ಬಿಟ್ಟುಬರಲು ಅಳಿಯಂದಿರೇ ಅದನ್ನು ಎತ್ತಿಕೊಂಡರು.

ಕಣ್ಣಿನ ಡಾಕ್ಟರು ನಂತರ ಹೇಳಿದ್ದು ಇಷ್ಟು: "ಮೋತಿಬಿಂದು ಐತ್ರಿ, ಆ ಪೊರಿ ತೆಗೀತೀನಿ. ಆದ್ರ ಅದರ ಹಿಂದ ನರ ಒಣಗ್ಯಾವ. ಹೋದ ನೋಟ ಬರಂಗಿಲ್ಲ. ಇದ್ದದ್ದನ್ನ ಕಾಯ್ಕೊಳ್ಳೂಣು." ನೋಟದ ಅಂಚುಗಳು ಬಹಳ ದಿನದಿಂದ ಒತ್ತುವರಿ ಆಗಿದ್ದವಂತೆ. ಒತ್ತುವರಿಯನ್ನು ಗುರುತಿಸುವುದೇ ನನ್ನ ವೃತ್ತಿಯಾಗಿತ್ತೆಂದು ನಾನು ಅವರಿಗೆ ಹೇಳಲಿಲ್ಲ.

ಈಗ ಓಣಿಯ ಕೊನೆಯ ಮನೆಯವನೊಬ್ಬ ಡ್ರೈವರ್ ಆಗಿ ಬರುತ್ತಾನೆ. ನಡುವಯಸ್ಸಿನವನು, ಲಾರಿ ಹೊಡೆದವನು, ಚೆನ್ನಾಗಿ ಓಡಿಸುತ್ತಾನೆ. ಹೆಂಡತಿ ಮುಂದೆ ತನ್ನ ಜಾಗದಲ್ಲಿ, ನಾನು ಹಿಂದೆ. ಒಮ್ಮೆ ಆ ಹುರುಳಿಯ ಊರಿನ ಹತ್ತಿರ ಗಾಡಿ ನಿಲ್ಲಿಸಿ ಮುದುಕಿಯನ್ನು ವಿಚಾರಿಸಿದೆ. ರಸ್ತೆ ಗುಡಿಸಿ ಸ್ವಚ್ಛವಾಗಿತ್ತು. "ಯಾವ ಮುದುಕಿರೀ? ಇಲ್ಲಿ ಎಲ್ಲಾರೂ ಹಾಕ್ತಾರ," ಎಂದರು.

ಅವನು ಬಂದ ಮೊದಲ ಬುಧವಾರ ಊರು ದಾಟುತ್ತಲೇ ಹೆಂಡತಿ ಶುರುಮಾಡಿದಳು. "ಹಂಪ್ ಬಂತು ನೋಡಪಾ. ಎಡಕ್ಕ ಎಮ್ಮಿ ಅದಾವ."

"ಕಾಣಾಕತ್ತಾವ್ರೀ ಅಮ್ಮಾರ," ಎಂದ ಡ್ರೈವರ್, ಮರ್ಯಾದೆಯಿಂದಲೇ.

ಅವಳು ಇನ್ನೊಂದು ಸಲ ಹೇಳಿದಳು. ಅವನು ಇನ್ನೊಂದು ಸಲ ಕಾಣಾಕತ್ತಾವ ಎಂದ. ಆಮೇಲೆ ಅವಳು ಸುಮ್ಮನಾದಳು. ಕೈ ಮಡಿಲಲ್ಲಿಟ್ಟುಕೊಂಡು, ಕೆಲಸದಿಂದ ತೆಗೆದವರು ಕೂರುವ ಹಾಗೆ ಕೂತಳು. ಈಗ ಹೋಗುವಾಗಲೂ ಅವಳಿಗೆ ನಿದ್ದೆ ಹತ್ತುತ್ತದೆ.

ಕ್ಯಾಮೆರಾ ಮತ್ತೆ ಆ ಗಾಜಿಗೇ ಅಂಟಿಕೊಂಡಿದೆ. ಅಳಿಯಂದಿರು ವಾಪಸು ಕೇಳಲಿಲ್ಲ. ವರದಿಯನ್ನು ತಿದ್ದಿ ಕಳಿಸಿದೆ. ಉಪಕರಣ ಒಳ್ಳೆಯದು, ಕೊಳ್ಳಬಹುದು, ಕಣ್ಣಿಗೆ ವಿಭೂತಿ ಹಚ್ಚಬಾರದು ಎಂದು ಬರೆದೆ. ಎಡಗಡೆಯ ಆಸನದ ಅಡಚಣೆ ಎಂಬ ಸಾಲಿನ ಮೇಲೆ ಗೆರೆ ಹೊಡೆದು, ಬದಿಗೆ, ಮೋಜಣಿ ನಕ್ಷೆಯಲ್ಲಿ ತಪ್ಪು ತಿದ್ದಿದಾಗ ಮಾಡುತ್ತಿದ್ದ ಹಾಗೆ, ಸಣ್ಣ ಸಹಿ ಹಾಕಿದೆ. ಸಹಿ ಗೆರೆಯ ಮೇಲೆ ಬಿದ್ದಿಲ್ಲ, ಸ್ವಲ್ಪ ಕೆಳಗೆ ಬಿದ್ದಿದೆ ಎಂದು ಹೆಂಡತಿ ಹೇಳಿದಳು.