ಅಜ್ಜಿ ಉಜ್ಜಿದ ನಾಣ್ಯ

“ಅದನ್ನ ಬಿಡು ಪುಟ್ಟಿ, ಅದು ನಿಮ್ಮಜ್ಜಿ ಕೊಂದ ನಾಣ್ಯ,” ಎಂದರು ತಾತ.

“ನಲವತ್ತು ವರ್ಷ ಆಯ್ತು, ಇನ್ನೂ ಅದೇ ರಾಗ!” ಒಳಗಿನಿಂದ ಅಜ್ಜಿ. “ತಂದುಕೊಟ್ಟೋಳೂ ನಾನೇ. ಅದನ್ನ ಮಾತ್ರ ಹೇಳಲ್ಲ.”

ತಾತನ ಸವೆದ ಬೈಜಾಂಟೈನ್ ಸಾಮ್ರಾಜ್ಯದ ಕಂಚಿನ ನಾಣ್ಯಗಳೆಲ್ಲ ನಮ್ಮ ಕಾಲೇಜಿನ ಪ್ರದರ್ಶನಕ್ಕೆ ಹೋಗಲಿವೆ. ಒಂದೊಂದಕ್ಕೂ ಒಂದು ಚೀಟಿ: ಯಾವ ದೊರೆ, ಯಾವ ಊರಿನ ಅಚ್ಚು, ಯಾವ ವರ್ಷ. ಬರೆಯುವವಳು ನಾನು. ಚೀಟಿ ಇಲ್ಲದ್ದಕ್ಕೆ ಜಾಗವಿಲ್ಲ. ಅಜ್ಜಿಗೋ ಆ ಒಂದು ನಾಣ್ಯ ಹೋಗಲೇಬೇಕು. ಬಾಯಿಬಿಟ್ಟು ಕೇಳಿರಲಿಲ್ಲ, ಆದರೆ ಬೆಳಗ್ಗೆಯಿಂದ ಮೂರು ಸಲ ಮೇಜು ಒರೆಸಿದ್ದರು, ಮೂರು ಸಲವೂ ಅದಿದ್ದ ಅಂಗಿ ಗುಂಡಿ ಡಬ್ಬಿಯನ್ನು ನನ್ನ ಕೈಹತ್ತಿರ ತಳ್ಳಿದ್ದರು!

ತಾತ ಗಡಿಯಾರ ರಿಪೇರಿಯವರು. ಲೆನ್ಸ್ ಸಿಕ್ಕಿಸಿ ಸಿಕ್ಕಿಸಿ ಬಲಗಣ್ಣಿನ ಸುತ್ತ ಇವತ್ತಿಗೂ ಒಂದು ಗೆರೆಯಿದೆ. ಮದುವೆಯಾದ ಹೊಸತರಲ್ಲಿ ಇದ್ದದ್ದು ಒಂದೇ ಕೋಣೆ. ಅರ್ಧ ಅಂಗಡಿ, ಅರ್ಧ ಸಂಸಾರ. ಗೋಡೆ ತುಂಬ ಗಡಿಯಾರ. “ಒಂದೊಂದೂ ಒಂದೊಂದು ಹೊತ್ತು ತೋರಿಸೋದು. ಯಾವುದನ್ನ ನಂಬಿ ಹಾಲು ಇಳಿಸ್ಲಿ?” ಎಂದು ನಗುವಾಗ ಅಜ್ಜಿಗೆ ಇವತ್ತಿಗೂ ಇಪ್ಪತ್ತೇ ವರ್ಷ.

ಆ ಹೊಸತರಲ್ಲೇ ಅಜ್ಜಿ ಹೊಲಿಗೆಯ ಮೊದಲ ಸಂಪಾದನೆಯಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ಈ ನಾಣ್ಯ ತಂದರು. ಕಪ್ಪಗಿದೆಯಲ್ಲ ಎಂದು ವಿನೆಗರ್ ಹಾಕಿ, ತಂತಿನಾರಿನಿಂದ ಮಧ್ಯಾಹ್ನವಿಡೀ ಉಜ್ಜಿ, ಫಳಫಳ ಹೊಳೆಸಿ ತಾತನ ಕೈಗಿಟ್ಟರು. ಆ ಕಪ್ಪು ಪದರದಲ್ಲೇ ಸವೆದ ಅಕ್ಷರ ಎದ್ದು ಕಾಣುವುದು! ತಾತ ನಾಲ್ಕು ದಿನ ಮಾತು ಬಿಟ್ಟರು. ನಾಣ್ಯ ಗುಂಡಿ ಡಬ್ಬಿ ಸೇರಿತು. ಆಮೇಲೆ ಅದನ್ನು ಯಾರೂ ನೋಡಲೇ ಇಲ್ಲ.

ನಾನು ಪರದೆ ಎಳೆದು, ಫೋನಿನ ಟಾರ್ಚನ್ನು ಮೇಜಿನ ಮಟ್ಟಕ್ಕೆ ಓರೆಯಾಗಿ ಹಿಡಿದು ನಾಣ್ಯ ತಿರುಗಿಸಿದೆ. ಒಂದು ಬದಿಯಲ್ಲಿ ನಿಂತಿರುವ ಎರಡು ಆಕೃತಿ. ಇನ್ನೊಂದು ಬದಿಯಲ್ಲಿ ಗ್ರೀಕ್ ಲೆಕ್ಕದಲ್ಲಿ ನಲವತ್ತರ ಬೆಲೆ ಸೂಚಿಸುವ ದೊಡ್ಡ ‘ಎಂ’. ಅದರ ಅಡ್ಡಕ್ಕೆ ಬಾಗಿದ ಗೀರುಗಳು.

“ನೋಡು, ನಾರಿನ ಗಾಯ,” ಎಂದರು ತಾತ.

“ತಾತಾ, ನಾರಿನಲ್ಲಿ ಉಜ್ಜಿದ್ರೆ ಸಾಲಾಗಿ ಚುಕ್ಕೆ ಬೀಳುತ್ತಾ? ಅದೂ ಅಳತೆ ಹಿಡಿದ ಹಾಗೆ?”

ತಾತ ಲೆನ್ಸ್ ಸಿಕ್ಕಿಸಿದರು. ನಾಣ್ಯವನ್ನು ಟಾರ್ಚಿಗೆ ಓರೆ ಮಾಡಿದರು. ಆಮೇಲೆ ಮೆಲ್ಲಗೆ, “ಮುತ್ತು ಕಣೇ... ಕಿರೀಟದ ಮುತ್ತು. ಇದು ಗಲ್ಲ. ಅಡಿಯಲ್ಲಿ ಇನ್ನೊಬ್ಬ ದೊರೆ ಇದ್ದಾನೆ! ಮೇಲಿರೋದು ಹೆರಾಕ್ಲಿಯಸ್ ದೊರೆ, ಅವನ ಕಾಲದಲ್ಲಿ ಹಳೇ ನಾಣ್ಯದ ಮೇಲೇ ಹೊಸ ಅಚ್ಚು ಒತ್ತೋರು.”

ಅಂದರೆ ಅದು ಅಜ್ಜಿ ಮಾಡಿದ ಗಾಯವೇ ಅಲ್ಲ! ನಾನು ಕುಣಿಯುವುದೊಂದು ಬಾಕಿ.

ಅಜ್ಜಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. “ಏನ್ರೀ, ಆ ನಾಲ್ಕು ದಿನದ ಮಾತು ಈಗ ಆಡಿ ಮುಗಿಸ್ತೀರಾ?”

“ಕಪ್ಪು ತೆಗೆದಿದ್ದು ತಪ್ಪೇ,” ಎಂದರು ತಾತ, ಬಿಟ್ಟುಕೊಡದೆ. ಆದರೆ ಕುರ್ಚಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದರು. “ಬಾ, ನೀನೂ ನೋಡು.”

ಚೀಟಿಯಲ್ಲಿ ಹೆರಾಕ್ಲಿಯಸ್ ದೊರೆಯ ಹೆಸರು ಬರೆದೆ. “ತಂದವರು” ಎಂದು ಅಜ್ಜಿಯ ಹೆಸರಿನ ಇನ್ನೊಂದು ಸಾಲು ಸೇರಿಸಿದ್ದು ತಾತನೇ. ವರ್ಷದ ಅಂಕಿ ಮಾತ್ರ ಟಾರ್ಚಿಗೂ ಸಿಗಲಿಲ್ಲ.

“ಮುಂದಿನ ಭಾನುವಾರ ಒಂಬತ್ತಕ್ಕೇ ಬಾ. ಆಗ ಈ ಕಿಟಕಿಗೆ ಬಿಸಿಲು ಓರೆಯಾಗಿ ಬೀಳುತ್ತೆ,” ಎಂದರು ತಾತ.

“ಯಾವ ಗಡಿಯಾರದ ಒಂಬತ್ತು?” ಎಂದರು ಅಜ್ಜಿ.